ಗೂಡು ಬಿಟ್ಟ ಮರಿಗೆ ದೊಡ್ಡ ಹಕ್ಕಿ ಗುಟುಕು ಕೊಡುತ್ತಿಲ್ಲ: ಇದು ಕಲಿಸುವುದೋ, ಕೈಬಿಡುವುದೋ?

ಮಲ್ಲಿಗೆ ಬಳ್ಳಿ, ಟಿಳಕವಾಡಿ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ. ನಮ್ಮ ಕಂಪೌಂಡಿನ ಮೇಲೆ ಹಬ್ಬಿರುವ ಮಲ್ಲಿಗೆ ಬಳ್ಳಿಯಲ್ಲಿ ಈ ಬೇಸಿಗೆಯಲ್ಲಿ ಬುಲ್‌ಬುಲ್ ಜೋಡಿಯೊಂದು ಗೂಡು ಕಟ್ಟಿ ಮೂರು ಮರಿ ಮಾಡಿದೆ. ತಲೆ ಕಪ್ಪಾಗಿದ್ದು ಬಾಲದ ಬುಡದಲ್ಲಿ ಕೆಂಪು ಇರುವ ಜಾತಿ ಇದು. ಕೆನ್ನೆಯಲ್ಲಿ ಕೆಂಪು ಮಚ್ಚೆಯೂ ನೆತ್ತಿಯ ಮೇಲೆ ನೆಟ್ಟನೆಯ ಜುಟ್ಟೂ ಇರುವ ಇನ್ನೊಂದು ಜಾತಿಯಲ್ಲ. ಮರಿಗಳು ಗೂಡಿನಿಂದ ಹೊರಗೆ ಬಂದಿವೆ. ಎರಡು ಮರಿಗಳು ಬಳ್ಳಿಯಲ್ಲಿಯೇ ಕೊಂಬೆಯಿಂದ ಕೊಂಬೆಗೆ ಹೋಗುತ್ತಿವೆ, ಇನ್ನೊಂದು ಮಾತ್ರ ಕೆಳಗೆ ಕರಿಬೇವಿನ ಗಿಡದ ಬುಡದಲ್ಲಿ ಕುಪ್ಪಳಿಸಿಕೊಂಡು ಓಡಾಡುತ್ತಿದೆ.

ಇಂದು ಬೆಳಿಗ್ಗೆ ದೊಡ್ಡ ಹಕ್ಕಿ ಹಸಿರು ಹುಳುವೊಂದನ್ನು ಕೊಕ್ಕಿನಲ್ಲಿ ಅಡ್ಡಲಾಗಿ ಕಚ್ಚಿಕೊಂಡು ಬಂದು ಬಟ್ಟೆ ಒಣಹಾಕುವ ತಂತಿಯ ಮೇಲೆ ಕುಳಿತಿತು. ಬಳ್ಳಿಯಲ್ಲಿದ್ದ ಮರಿ ರೆಕ್ಕೆಗಳನ್ನು ಇಳಿಬಿಟ್ಟು ನಡುಗಿಸುತ್ತ, ಗಂಟಲು ಕಾಣುವಷ್ಟು ಬಾಯಿ ತೆರೆದು ಕೂಗಿತು. ಹಕ್ಕಿ ಹತ್ತಿರ ಬರಲಿಲ್ಲ. ಹುಳುವನ್ನು ತೋರಿಸಿದ ಹಾಗೆ ಮಾಡಿ ಮುಂದಿನ ಪೇರಲ ಗಿಡಕ್ಕೆ ಹಾರಿತು, ಅಲ್ಲಿಂದ ಒಂದೆರಡು ಸಲ ಕೂಗಿತು, ಕೊನೆಗೆ ಹುಳುವನ್ನು ತಾನೇ ನುಂಗಿಬಿಟ್ಟಿತು! ಇನ್ನೊಂದು ವಿಚಿತ್ರವೆಂದರೆ, ಜೋಡಿಯಲ್ಲಿ ಒಂದು ಹಕ್ಕಿ ಯಾವಾಗಲೂ ಕೆಳಗಿನ ಮರಿಯ ಕಡೆಗೇ ಹೋಗುತ್ತದೆ, ಮೇಲಿನವುಗಳನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಕೆಳಗಿನ ಮರಿಯನ್ನು ಎತ್ತಿ ಒಳಗೆ ತರಬೇಕೇ? ಮೇಲಿನ ಮರಿಗೆ ಆದದ್ದು ಶಿಕ್ಷಣವೇ, ಉಪವಾಸವೇ? ಪಕ್ಕದ ಮನೆಯಲ್ಲಿ ಬೆಕ್ಕೂ ಇದೆ ಎಂಬುದನ್ನು ಸೇರಿಸಿಕೊಂಡು ಹೇಳಿರಿ.

ಗೋಕಾಕ ಕರದಂಟು
ತಡ ಮಾಡಬೇಡಿರಿ. ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ಹಾಸಿ ಒಳಗಿಡಿರಿ, ಬಾಯಿಗೆ ನಾಲ್ಕು ಹನಿ ನೀರು ಬಿಡಿರಿ, ಹಾಲಿನಲ್ಲಿ ಕಲಸಿದ ಅನ್ನ ತಿನ್ನಿಸಿರಿ. ರೆಕ್ಕೆ ಬಲಿತ ಮೇಲೆ ಹೊರಗೆ ಬಿಟ್ಟರಾಯಿತು.

ಹಿಂಡಲಗಾ ಹಿತ್ತಲು
ಕರದಂಟಿನವರು ಹೇಳಿದ್ದರಲ್ಲಿ ಒಂದನ್ನೂ ದಯವಿಟ್ಟು ಮಾಡಬೇಡಿರಿ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ತೆರೆದಿರುತ್ತದೆ. ಮೇಲಿನಿಂದ ಹನಿಸಿದ ನೀರು ಹೊಟ್ಟೆಗೆ ಹೋಗುವ ಬದಲು ನೇರವಾಗಿ ಅಲ್ಲಿಗೆ ಇಳಿದು ಮರಿ ನಮ್ಮ ಕೈಯಲ್ಲಿಯೇ ಸಾಯುತ್ತದೆ. ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗಳಿಗಿಲ್ಲ. ಗುಟುಕಿನ ಮೂಲಕ ಬರುವ ಹಸಿ ಹುಳುವಿನಲ್ಲಿಯೇ ಮರಿಗೆ ಬೇಕಾದ ನೀರು ಸಿಗುತ್ತದೆ.

ಮುಖ್ಯವಾದ ಪ್ರಶ್ನೆ ಒಂದೇ: ಅದು ಗೂಡಿನಿಂದ ಬಿದ್ದ ಮರಿಯೋ, ಗೂಡು ಬಿಟ್ಟ ಮರಿಯೋ? ಮೈಮೇಲೆ ಚರ್ಮ ಕಾಣುತ್ತಿದ್ದರೆ, ಗರಿಗಳು ಇನ್ನೂ ನಳಿಕೆಗಳ ಹಾಗೆ ಮುಚ್ಚಿಕೊಂಡಿದ್ದರೆ ಅದು ಬಿದ್ದ ಮರಿ. ಅದನ್ನು ಎತ್ತಿ ಗೂಡಿಗೆ ಮರಳಿಸಬೇಕು. ಗೂಡೇ ಹಾಳಾಗಿದ್ದರೆ ತೂತುಗಳಿರುವ ಸಣ್ಣ ಬುಟ್ಟಿಯೊಂದನ್ನು ಅದೇ ಕೊಂಬೆಯ ಹತ್ತಿರ ಕಟ್ಟಿ ಅದರಲ್ಲಿ ಇಡಬಹುದು. ಮೈತುಂಬ ಗರಿ ಬಂದಿದ್ದು, ಬಾಲ ಮಾತ್ರ ಮೋಟಾಗಿದ್ದು, ಬೆರಳನ್ನೋ ಕಡ್ಡಿಯನ್ನೋ ಗಟ್ಟಿಯಾಗಿ ಹಿಡಿದು ಕೂರುತ್ತದೆ ಎಂದಾದರೆ ಅದು ತನ್ನ ಕಾಲದಲ್ಲಿ ತಾನೇ ಹೊರಬಂದ ಮರಿ. ಅದನ್ನು ಗೂಡಿಗೆ ತುರುಕಿದರೂ ಮರುಗಳಿಗೆಯಲ್ಲಿ ಹೊರಗೆ ಜಿಗಿಯುತ್ತದೆ. ನಿಮ್ಮದು ಎರಡನೆಯ ಬಗೆಯದು. ಬಯಲಿನಲ್ಲಿದ್ದರೆ ಪೊದೆಯೊಳಕ್ಕೆ ಸರಿಸಿರಿ, ಅಷ್ಟು ಸಾಕು.

ಇಳಕಲ್ ಅಂಚು
ಮುಟ್ಟಿದ ಮರಿಯನ್ನು ತಾಯಿ ಮತ್ತೆ ಸೇರಿಸುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಸರಿಸುವುದಾದರೂ ಹೇಗೆ?

ಹಿಂಡಲಗಾ ಹಿತ್ತಲು
ಅಕ್ಕನವರೇ, ಈ ಮಾತು ಎಲ್ಲ ಮನೆಗಳಲ್ಲಿಯೂ ಇದೆ, ಆದರೆ ನಿಜವಲ್ಲ. ನಮ್ಮ ಅಂಗಳದ ಹಕ್ಕಿಗಳು ಮರಿಗಳನ್ನು ಗುರುತಿಸುವುದು ಮುಖ್ಯವಾಗಿ ಅವಿರುವ ಜಾಗದಿಂದ ಮತ್ತು ಕೂಗಿನಿಂದ. ಮನುಷ್ಯರ ಕೈ ವಾಸನೆ ಹತ್ತಿತೆಂದು ಮರಿಯನ್ನು ಬಿಟ್ಟುಹೋಗುವುದಿಲ್ಲ. ಗೂಡಿನ ಹತ್ತಿರ ನಾವು ಪದೇ ಪದೇ ನಿಂತರೆ ಮಾತ್ರ ಅವು ಬರಲು ಹಿಂಜರಿಯುತ್ತವೆ. ಆ ಮಾತಿನಿಂದ ಮಕ್ಕಳು ಗೂಡಿಗೆ ಕೈ ಹಾಕದಿದ್ದರೆ ಅತ್ತೆಯವರ ಉದ್ದೇಶವೇನೋ ಈಡೇರಿತು ಎನ್ನಬೇಕು.

ಸಂಶಯಾತ್ಮ, ವಿಜಯಪುರ
ಮೂಲ ಪ್ರಶ್ನೆಗೆ ಬರೋಣ. ದೊಡ್ಡ ಹಕ್ಕಿ ಹುಳು ಹಿಡಿದುಕೊಂಡು ತಂತಿಯ ಮೇಲೆಯೇ ಕುಳಿತಿತ್ತು ಎಂದಿರಿ. ಆಗ ತಾವು ಎಲ್ಲಿದ್ದಿರಿ? ಹತ್ತು ಹೆಜ್ಜೆ ದೂರದಲ್ಲಿ ಮೊಬೈಲ್ ಹಿಡಿದು ನಿಂತಿದ್ದರೆ ಇದರಲ್ಲಿ ಶಿಕ್ಷಣವೂ ಇಲ್ಲ, ಕೈಬಿಟ್ಟದ್ದೂ ಇಲ್ಲ. ಮನುಷ್ಯ ನೋಡುತ್ತಿರುವಾಗ ಮರಿ ಇರುವ ಜಾಗವನ್ನು ತೋರಿಸಿಕೊಡಬಾರದೆಂದು ಹಕ್ಕಿ ಕಾಯುತ್ತದೆ, ಕಾದು ಸಾಕಾದಾಗ ಗುಟುಕನ್ನು ತಾನೇ ನುಂಗುತ್ತದೆ.

ಮಲ್ಲಿಗೆ ಬಳ್ಳಿ, ಟಿಳಕವಾಡಿ
ಸರ್, ನಾನು ಅಡುಗೆಮನೆಯ ಕಿಟಕಿಯ ಒಳಗಿನಿಂದ, ಪರದೆಯ ಸಂದಿಯಲ್ಲಿ ನೋಡುತ್ತಿದ್ದೆ. ಕೆಳಗಿನ ಮರಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ಹಕ್ಕಿ ಸರಾಗವಾಗಿ ಗುಟುಕು ಕೊಡುತ್ತಿತ್ತು. ನನ್ನನ್ನು ಕಂಡು ಹೆದರಿದ್ದರೆ ಎರಡೂ ಹೆದರಬೇಕಿತ್ತಲ್ಲ?

ಸಂಶಯಾತ್ಮ, ವಿಜಯಪುರ
ಹಾಗಿದ್ದರೆ ನನ್ನ ಆಕ್ಷೇಪಣೆಯ ಮೊದಲ ಭಾಗವನ್ನು ಬದಿಗಿಡೋಣ. ಎರಡನೆಯ ಭಾಗ ಇನ್ನೂ ಉಳಿದಿದೆ, ಆಮೇಲೆ ಬರೆಯುತ್ತೇನೆ.

ನಿವೃತ್ತ ಮಾಸ್ತರ, ಜಮಖಂಡಿ
ಒಂದು ಹಕ್ಕಿ ಒಂದೇ ಮರಿಯ ಹಿಂದೆ ಹೋಗುವುದು ವಿಚಿತ್ರವೇನಲ್ಲ, ತಂಗಿ. ಅನೇಕ ಹಾಡುಹಕ್ಕಿಗಳಲ್ಲಿ ಮರಿಗಳು ಗೂಡು ಬಿಟ್ಟ ಮೇಲೆ ತಂದೆತಾಯಿಗಳು ಅವುಗಳನ್ನು ಹಂಚಿಕೊಳ್ಳುತ್ತವೆ: ಈ ಮರಿಗಳು ನಿನಗೆ, ಈ ಮರಿ ನನಗೆ ಎಂಬಂತೆ. ಮರಿಗಳೆಲ್ಲ ಒಂದೇ ಕಡೆ ಗುಂಪಾಗಿ ಕೂಗುತ್ತಿದ್ದರೆ ಒಂದು ಕಾಗೆಯೋ ಕೆಂಬೂತವೋ ಒಮ್ಮೆಲೇ ಎಲ್ಲವನ್ನೂ ಮುಗಿಸಿಬಿಡುತ್ತದೆ. ಚದುರಿಕೊಂಡಿದ್ದರೆ ಒಂದು ಹೋದರೂ ಇನ್ನೊಂದು ಉಳಿಯುತ್ತದೆ.

ಗುಬ್ಬಿಗಳಲ್ಲಿ ಈ ಹಂಚಿಕೆ ಇನ್ನೊಂದು ರೂಪದಲ್ಲಿದೆ. ಮರಿಗಳು ಹೊರಬಿದ್ದ ಮೇಲೆ ಹೆಣ್ಣು ಮುಂದಿನ ಮೊಟ್ಟೆಗಳ ತಯಾರಿಗೆ ಹೋಗುತ್ತದೆ, ಹೊರಗಿನ ಮರಿಗಳಿಗೆ ಒಂದೆರಡು ವಾರ ಗುಟುಕು ಕೊಡುವ ಕೆಲಸ ಹೆಚ್ಚಾಗಿ ಗಂಡಿನ ಪಾಲಿಗೆ ಬೀಳುತ್ತದೆ. ಆದುದರಿಂದ ಗುಟುಕು ಕೊಡುವುದೆಲ್ಲ "ತಾಯಿಹಕ್ಕಿ" ಎಂದು ಬರೆಯುವ ಅಭ್ಯಾಸವನ್ನು ನಾವು ಸ್ವಲ್ಪ ಬಿಡಬೇಕು.

ಮಾಳಿಗೆಮನೆ, ಗುಳೇದಗುಡ್ಡ
ಮಾಸ್ತರರು ಹೇಳಿದ್ದು ಸರಿಯಾಗಿದೆ. ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ, ಜಂತಿಯ ಸಂದಿನಲ್ಲಿ ಗುಬ್ಬಿಗಳು ಪ್ರತಿ ವರ್ಷವೂ ಇರುತ್ತವೆ. ಅಂಗಳದಲ್ಲಿ ಜೋಳ ಹಸನು ಮಾಡುವಾಗ ಗಂಡು ಗುಬ್ಬಿ ಮರಿಗಳನ್ನು ಹಿಂದೆ ಹಾಕಿಕೊಂಡು ಬರುತ್ತದೆ. ಮರಿ ನುಚ್ಚಿನ ಮೇಲೆಯೇ ನಿಂತಿರುತ್ತದೆ, ಆದರೂ ಕೆಳಗೆ ನೋಡದೆ ಅಪ್ಪನ ಕೊಕ್ಕನ್ನೇ ನೋಡುತ್ತ ರೆಕ್ಕೆ ನಡುಗಿಸುತ್ತದೆ. ಅಪ್ಪ ಅದೇ ನುಚ್ಚನ್ನು ಹೆಕ್ಕಿ ಅದರ ಬಾಯಿಗೆ ಹಾಕುತ್ತದೆ. ಕೆಲವು ದಿನ ಕಳೆದ ಮೇಲೆ ನೋಡಿದರೆ ಅಪ್ಪ ತಿರುಗಿ ಕುಕ್ಕಲು ಬರುತ್ತದೆ, ಮರಿ ಪಕ್ಕಕ್ಕೆ ಹಾರಿ, ಬೇರೆ ದಾರಿಯಿಲ್ಲದೆ ನೆಲ ಕೆದಕಲು ತೊಡಗುತ್ತದೆ. ಮೊದಮೊದಲು ಹೊಟ್ಟು, ಕಡ್ಡಿ, ಸಣ್ಣ ಹರಳು ಎಲ್ಲವನ್ನೂ ಕಚ್ಚಿ ನೋಡಿ ಬಿಡುತ್ತದೆ. ಕಾಳು ಯಾವುದು, ಹೊಟ್ಟು ಯಾವುದು ಎಂದು ಕೊಕ್ಕಿಗೆ ತಿಳಿಯಲು ಸಮಯ ಬೇಕಾಗುತ್ತದೆ.

ಇಳಕಲ್ ಅಂಚು
ಇದನ್ನು ಓದಿ ನಗು ಬಂತು, ಕಣ್ಣೂ ತುಂಬಿತು. ಮಗನನ್ನು ಧಾರವಾಡದ ಹಾಸ್ಟೆಲಿನಲ್ಲಿ ಬಿಟ್ಟು ಬಂದ ವರ್ಷ ನಾನೂ ಹೀಗೆಯೇ ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಹಕ್ಕಿಯೂ ತಾಯಿಯಲ್ಲವೇ, ಕಲಿಯಲಿ ಎಂದೇ ಗುಟುಕನ್ನು ಹಿಡಿದಿಟ್ಟಿರುತ್ತದೆ.

ಸಂಶಯಾತ್ಮ, ವಿಜಯಪುರ
ನನ್ನ ಎರಡನೆಯ ಭಾಗ ಇದೇ. ವೈನಿಯವರು ಬೇಸರ ಮಾಡಿಕೊಳ್ಳಬಾರದು. ಮಗ ಹಾಸ್ಟೆಲಿನಲ್ಲಿ ಊಟ ಮಾಡಿದನೋ ಇಲ್ಲವೋ ಎಂದು ತಾವು ಫೋನ್ ಮಾಡಿ ಕೇಳಿರುತ್ತೀರಿ, ಬುಲ್‌ಬುಲ್ ಕೇಳುವುದಿಲ್ಲ. ಗುಟುಕು ನಿಲ್ಲುವುದಕ್ಕೆ "ಕಲಿಯಲಿ" ಎಂಬ ಉದ್ದೇಶವನ್ನು ಹಕ್ಕಿಯ ತಲೆಯೊಳಗೆ ಇಡುವ ಅಗತ್ಯವೇ ಇಲ್ಲ. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1974ರಲ್ಲಿ ಇದನ್ನು ಬಹಳ ನೇರವಾಗಿ ವಿವರಿಸಿದರು. ಮರಿಗೆ ತನ್ನ ಜೀವವೇ ಮುಖ್ಯ, ಆದುದರಿಂದ ಗುಟುಕು ಎಷ್ಟು ದಿನ ಬಂದರೂ ಬೇಡವೆನ್ನುವುದಿಲ್ಲ. ತಂದೆತಾಯಿಗಳಿಗೆ ಈ ಮರಿಯೂ ಒಂದೇ, ಮುಂದೆ ಹುಟ್ಟಲಿರುವ ಮರಿಯೂ ಒಂದೇ. ಇದರ ಮೇಲೆ ಹೆಚ್ಚು ಖರ್ಚು ಮಾಡಿದಷ್ಟು ಅದಕ್ಕೆ ಕಡಿಮೆಯಾಗುತ್ತದೆ. ಎರಡೂ ಕಡೆಯ ಲೆಕ್ಕ ಬೇರೆ ಬೇರೆಯಾಗಿರುವುದರಿಂದ ಕೊನೆಯ ಕೆಲವು ದಿನಗಳಲ್ಲಿ ಜಗಳ ಆಗಿಯೇ ಆಗುತ್ತದೆ. ಮರಿ ಬೇಡುವುದನ್ನು ಜೋರು ಮಾಡುತ್ತದೆ, ದೊಡ್ಡ ಹಕ್ಕಿ ಕೊಡುವುದನ್ನು ಕಡಿಮೆ ಮಾಡುತ್ತದೆ. ಹಸಿವು ಹೆಚ್ಚಾದಾಗ ಮರಿ ತಾನೇ ಕುಕ್ಕುತ್ತದೆ. ಇದರಲ್ಲಿ ಗುರುವೂ ಇಲ್ಲ, ಶಿಷ್ಯನೂ ಇಲ್ಲ.

ನಿವೃತ್ತ ಮಾಸ್ತರ, ಜಮಖಂಡಿ
ನಲವತ್ತು ಮಕ್ಕಳ ತರಗತಿಯಲ್ಲಿ ಕಲಿಸಿದವನಿಗೂ ಕೆಲವೊಮ್ಮೆ ಹಾಗೆಯೇ ಅನ್ನಿಸಿದ್ದುಂಟು, ಸಂಶಯಾತ್ಮರೇ. ಆದರೂ ಒಂದು ಪ್ರಶ್ನೆ. ಜಗಳವೇ ಆಗಿದ್ದರೆ ಹಕ್ಕಿ ಹುಳುವನ್ನು ಪೇರಲ ಗಿಡದಲ್ಲಿಯೇ ತಿಂದು ಸುಮ್ಮನಾಗಬಹುದಿತ್ತಲ್ಲ. ಮರಿಯ ಎದುರಿಗೆ ತಂದು, ತೋರಿಸಿ, ಮುಂದಿನ ಗಿಡಕ್ಕೆ ಹೋಗಿ ಕೂಗಿದ್ದೇಕೆ?

ಘಟಪ್ರಭೆಯ ದಂಡೆ
ಹಾಗೆ ಮಾಡುವುದರಿಂದ ಆಗುವ ಕೆಲಸವೆಂದರೆ ಮರಿ ಜಾಗ ಬದಲಿಸುತ್ತದೆ. ಗೂಡಿದ್ದ ಬಳ್ಳಿಯ ಸುತ್ತ ದಿನಗಟ್ಟಲೆ ಓಡಾಟ ನಡೆದು ಎಲ್ಲ ಕಳ್ಳರಿಗೂ ವಿಳಾಸ ಗೊತ್ತಾಗಿರುತ್ತದೆ. ಅಲ್ಲಿಂದ ಮರಿಗಳನ್ನು ದಟ್ಟವಾದ ಮರೆಯಿರುವ ಕಡೆಗೆ ಎಳೆದುಕೊಂಡು ಹೋಗಲು ಹುಳುವಿಗಿಂತ ಒಳ್ಳೆಯ ಹಗ್ಗ ಯಾವುದಿದೆ? ಗೂಡು ಬಿಟ್ಟ ಮೊದಲ ವಾರವೇ ಮರಿಗಳು ಅತಿ ಹೆಚ್ಚು ಸಾಯುವ ಸಮಯ.

ಇನ್ನೊಂದು ಮಾತು. ತೆರೆದ ಬಟ್ಟಲಿನಂಥ ಗೂಡು ಕಟ್ಟುವ ಹಕ್ಕಿಗಳ ಮರಿಗಳು ಹಾರಲು ಬರುವ ಮೊದಲೇ ಹೊರಬೀಳುತ್ತವೆ. ಬುಲ್‌ಬುಲ್ ಮರಿ ಮೊಟ್ಟೆಯೊಡೆದು ಎರಡು ವಾರ ತುಂಬುವುದರೊಳಗೆ ಹೊರಗಿರುತ್ತದೆ. ಪೊಟರೆಯಲ್ಲೋ ಗೋಡೆಯ ಬಿಲದಲ್ಲೋ ಇರುವ ಗೊರವಂಕದ ಮರಿ 22ರಿಂದ 24 ದಿನ ಒಳಗೇ ಇದ್ದು, ಹೊರಗೆ ಬರುವಾಗ ಸಾಕಷ್ಟು ಹಾರಬಲ್ಲದ್ದಾಗಿರುತ್ತದೆ. ಒಳಗೆ ಸುರಕ್ಷಿತವಾಗಿರುವವರಿಗೆ ಅವಸರವಿಲ್ಲ.

ಸಂಶಯಾತ್ಮ, ವಿಜಯಪುರ
ಗೊರವಂಕ ದೊಡ್ಡ ಹಕ್ಕಿ, ಬೆಳೆಯಲು ಹೆಚ್ಚು ದಿನ ಬೇಕು. ಪೊಟರೆಗೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಘಟಪ್ರಭೆಯ ದಂಡೆ
ಹಾಗಾದರೆ ಬೆಳವಕ್ಕಿಯನ್ನು ನೋಡಿರಿ. ಅದು ಗೊರವಂಕಕ್ಕಿಂತ ತೀರ ಚಿಕ್ಕದೇನೂ ಅಲ್ಲ, ಗೂಡೆಂದರೆ ನಾಲ್ಕು ಕಡ್ಡಿಗಳ ಜಾಳು ಹಾಸು, ಕೆಳಗಿನಿಂದ ಮೊಟ್ಟೆ ಕಾಣುತ್ತದೆ. ಅದರ ಮರಿಗಳು ಸುಮಾರು ಎರಡು ವಾರಕ್ಕೇ ಗೂಡು ಬಿಡುತ್ತವೆ. ಗಾತ್ರ ಒಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸಂಶಯಾತ್ಮ, ವಿಜಯಪುರ
ಈ ಉದಾಹರಣೆ ಗಟ್ಟಿಯಾಗಿದೆ. ಒಪ್ಪಿದೆ.

ಬೆಕ್ಕಿನ ಮನೆ, ಶಹಾಪುರ (ಬೆಳಗಾವಿ)
ಸಂಶಯಾತ್ಮರು ಒಪ್ಪಿದ ದಿನವನ್ನು ಪಂಚಾಂಗದಲ್ಲಿ ಬರೆದಿಡಬೇಕು.

ಹಿಂಡಲಗಾ ಹಿತ್ತಲು
ತಮ್ಮ ಹೆಸರನ್ನು ನೋಡಿ ಕೇಳುತ್ತಿದ್ದೇನೆ, ತಮ್ಮ ಬೆಕ್ಕು ಈಗ ಎಲ್ಲಿದೆ?

ಬೆಕ್ಕಿನ ಮನೆ, ಶಹಾಪುರ
ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಕೇಳುತ್ತಾರೆ, ನಾನು ನಿಜವಾಗಿಯೂ ಕಟ್ಟಿದ್ದೇನೆ. ಕೊರಳಲ್ಲಿ ಗೆಜ್ಜೆಯಿದ್ದರೂ ಮರಿ ಹಿಡಿದು ತಂದು ಪಡಸಾಲೆಯಲ್ಲಿ ಇಟ್ಟಿತು. ಗೆಜ್ಜೆಯ ಸದ್ದು ಹಾರಬಲ್ಲ ಹಕ್ಕಿಗೆ ಉಪಯೋಗವಾಗಬಹುದು, ಆದರೆ ಹಾರಲಾರದ ಮರಿ ಸದ್ದು ಕೇಳಿದರೂ ಇದ್ದಲ್ಲಿಯೇ ಮುದುಡಿ ಕೂರುತ್ತದೆ. ಹಿತ್ತಲಿನಲ್ಲಿ ಮರಿಗಳು ಕೆಳಗಿಳಿದಿರುವ ದಿನಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಬೆಕ್ಕನ್ನು ಒಳಗೆ ಕೂಡಿಹಾಕುವುದೊಂದೇ ಉಪಾಯ. ಅದರ ಕೂಗಾಟವನ್ನು ಸಹಿಸಿಕೊಳ್ಳಬೇಕು. ಟಿಳಕವಾಡಿಯವರೇ, ಪಕ್ಕದ ಮನೆಯವರಿಗೆ ಜಗಳದ ದನಿಯಲ್ಲಿ ಹೇಳಬೇಡಿರಿ. ಕಿಟಕಿಗೆ ಕರೆದು ಮರಿಯನ್ನು ತೋರಿಸಿರಿ.

ತಿಕೋಟಾ ದ್ರಾಕ್ಷಿ
ನೀವೆಲ್ಲ ಬುಲ್‌ಬುಲ್ ಮರಿಯ ಯೋಗಕ್ಷೇಮ ವಿಚಾರಿಸುತ್ತಿದ್ದೀರಿ, ಸಂತೋಷ. ನಮ್ಮ ತೋಟದಲ್ಲಿ ದ್ರಾಕ್ಷಿಗೆ ಸಿಹಿ ಇಳಿಯುತ್ತಿದ್ದಂತೆ ಇದೇ ಬುಲ್‌ಬುಲ್ ಹಿಂಡು ಹಿಂಡಾಗಿ ಬಂದು ಒಂದೊಂದು ಗೊಂಚಲಿನಲ್ಲಿ ನಾಲ್ಕೈದು ಹಣ್ಣಿಗೆ ಕೊಕ್ಕು ಹಾಕಿ ಹೋಗುತ್ತದೆ. ಕುಕ್ಕಿದ ಹಣ್ಣು ಕೊಳೆತು ಇಡೀ ಗೊಂಚಲು ಕೆಡುತ್ತದೆ. ಬಲೆ ಕಟ್ಟದೆ ಗತಿಯಿಲ್ಲ. ಹಾಗೆ ಕಟ್ಟಿದ ಬಲೆಯಲ್ಲಿ ಸಿಕ್ಕಿಬೀಳುವವುಗಳಲ್ಲಿ ಹೆಚ್ಚಿನವು ಇದೇ ಮೋಟು ಬಾಲದ, ಹಾರಾಟ ಇನ್ನೂ ಹದಕ್ಕೆ ಬಾರದ ಮರಿಗಳು. ಬಿಡಿಸಲು ಹೋದರೆ ದೊಡ್ಡವು ತಲೆಯ ಮೇಲೆಯೇ ಹಾರಾಡಿ ಕೂಗುತ್ತವೆ. ನನಗೂ ಸಂಕಟವಾಗುತ್ತದೆ, ಆದರೆ ಸಾಲದ ಕಂತು ಹಕ್ಕಿಗಳನ್ನು ಕೇಳಿ ಬರುವುದಿಲ್ಲ.

ಘಟಪ್ರಭೆಯ ದಂಡೆ
ಕಾಕಾ, ತಮ್ಮ ಮಾತಿನಲ್ಲಿ ನ್ಯಾಯವಿದೆ. ಬಲೆಯನ್ನು ಸಡಿಲವಾಗಿ ಗಿಡದ ಮೇಲೆ ಹೊದಿಸಿದರೆ ಮಡಿಕೆಗಳಲ್ಲಿ ಕಾಲು, ರೆಕ್ಕೆಗಳು ಸಿಕ್ಕುತ್ತವೆ. ಅದೇ ಬಲೆಯನ್ನು ತಂತಿಗಳ ಆಧಾರದಲ್ಲಿ ಬಿಗಿಯಾಗಿ ಎಳೆದು, ಕೆಳಗಿನ ಅಂಚನ್ನು ನೆಲದವರೆಗೆ ಇಳಿಸಿ ಮುಚ್ಚಿದರೆ ಹಕ್ಕಿ ಬಡಿದು ಹಿಂದಿರುಗುತ್ತದೆ, ಒಳಗೆ ನುಗ್ಗುವುದೂ ಇಲ್ಲ, ಸಿಕ್ಕುವುದೂ ಕಡಿಮೆ. ಕಣ್ಣು ಸಣ್ಣದಿರುವ ಬಲೆ ಇನ್ನೂ ಒಳ್ಳೆಯದು. ಬೆಳಿಗ್ಗೆ ನೀರು ಬಿಡಲು ಹೋದಾಗ ಒಂದು ಸುತ್ತು ನೋಡಿದರೆ ಬಿಸಿಲೇರುವ ಮೊದಲು ಬಿಡಿಸಬಹುದು.

ದೊಡ್ಡ ಬುಲ್‌ಬುಲ್ ಹಣ್ಣು ತಿನ್ನುತ್ತದೆ, ನಿಜ. ಆದರೆ ಮರಿಗಳಿಗೆ ಮೊದಮೊದಲು ಕೊಡುವುದು ಹೆಚ್ಚಾಗಿ ಹುಳು, ಕೀಟ. ಮೈ ಮತ್ತು ಗರಿ ಬೆಳೆಯಲು ಬೇಕಾದ ಪ್ರೋಟೀನ್ ಬರಿಯ ಹಣ್ಣಿನಲ್ಲಿ ಸಿಗುವುದಿಲ್ಲ. ಮರಿ ಬೆಳೆದಂತೆ ಹಣ್ಣಿನ ಪಾಲು ಹೆಚ್ಚುತ್ತದೆ.

ತಿಕೋಟಾ ದ್ರಾಕ್ಷಿ
ಬಿಗಿ ಬಲೆಗೆ ಕಂಬ, ತಂತಿ, ಕೂಲಿ ಎಲ್ಲವೂ ಹೆಚ್ಚು ಬೇಕು. ಆದರೂ ಅಂಚನ್ನು ನೆಲದವರೆಗೆ ಇಳಿಸುವ ಮಾತು ನಮ್ಮ ಕೈಯಲ್ಲಿ ಆಗುವಂಥದು.

ನಿವೃತ್ತ ಮಾಸ್ತರ, ಜಮಖಂಡಿ
ಕಲಿಕೆಯ ಪ್ರಶ್ನೆಯನ್ನು ಮಧ್ಯದಲ್ಲಿ ಬಿಟ್ಟಿದ್ದೇವೆ. ಕೋಗಿಲೆಯ ಉದಾಹರಣೆಯನ್ನು ಯಾರೂ ಎತ್ತಲಿಲ್ಲವಲ್ಲ! ಹೆತ್ತವರ ಮುಖ ಕಾಣದೆ ಬೆಳೆದ ಮರಿ ಅದು. ಕಾಗೆ ಗೂಡಿನಲ್ಲಿ ಕಾಗೆಯ ಗುಟುಕು ತಿಂದು, ಮೂರು ನಾಲ್ಕು ವಾರಗಳಲ್ಲಿ ಗೂಡು ಬಿಟ್ಟು, ಆ ಮೇಲೂ ಕಾಗೆಯ ಹಿಂದೆ ಬಾಯಿ ತೆರೆದುಕೊಂಡು ಹೋಗುತ್ತದೆ. ಮೊದಮೊದಲು ಅದರ ಕೂಗೂ ಕಾಗೆಯ ಹಾಗೆಯೇ ಇರುತ್ತದೆ. ಮುಂದೆ ಒಂದು ದಿನ ಕಾಗೆಯ ಸಹವಾಸ ಬಿಟ್ಟು ಅತ್ತಿ, ಆಲ, ಬಸರಿಯ ಹಣ್ಣಿಗೆ ಹೋಗುತ್ತದೆ, ಕೋಗಿಲೆಯಂತೆಯೇ ಹಾಡುತ್ತದೆ, ಕೋಗಿಲೆಯನ್ನೇ ಜೋಡಿ ಮಾಡಿಕೊಳ್ಳುತ್ತದೆ. ಕಲಿಸಿದವರು ಯಾರು?

ಸಂಶಯಾತ್ಮ, ವಿಜಯಪುರ
ಮಾಸ್ತರರೇ, ಇದು ನನ್ನ ಪಕ್ಷದ ಸಾಕ್ಷಿ! ತಾವೇ ಕರೆತಂದು ನಿಲ್ಲಿಸಿದ್ದೀರಿ.

ನಿವೃತ್ತ ಮಾಸ್ತರ, ಜಮಖಂಡಿ
ಸಾಕ್ಷಿ ಯಾರ ಪಕ್ಷಕ್ಕೆ ಬಿದ್ದರೂ ಹೇಳಬೇಕಾದುದನ್ನು ಹೇಳಲೇಬೇಕಲ್ಲ.

ಹರಟೆಮಲ್ಲ, ಮುಧೋಳ
ಹಾಗಿದ್ದರೆ ಎದುರು ಪಕ್ಷದ ಸಾಕ್ಷಿಯನ್ನು ನಾನು ಕೊಡುತ್ತೇನೆ, ಅದೂ ನನ್ನ ಹೆಸರಿನ ಹಕ್ಕಿಯ ಬಳಗದಿಂದ. ಆಫ್ರಿಕಾದ ಕಲಹಾರಿ ಮರುಭೂಮಿಯಲ್ಲಿ ಕಪ್ಪು-ಬಿಳುಪು ಬಣ್ಣದ ಹರಟೆಮಲ್ಲಗಳಿವೆ. ಅವುಗಳ ಮೇಲೆ ನಿಕೋಲಾ ರೈಹಾನಿ ಮತ್ತು ಅಮಾಂಡಾ ರಿಡ್ಲಿ ಎಂಬ ವಿಜ್ಞಾನಿಗಳು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. ಮರಿಗಳು ಗೂಡು ಬಿಡುವುದಕ್ಕೆ ಕೆಲವು ದಿನಗಳ ಮೊದಲು ದೊಡ್ಡ ಹಕ್ಕಿಗಳು ಗುಟುಕು ಕೊಡುವಾಗ ಒಂದು ವಿಶೇಷವಾದ ಗುರುಗುಟ್ಟುವ ದನಿ ಮಾಡಲು ಆರಂಭಿಸುತ್ತವೆ. ಅದಕ್ಕೂ ಮೊದಲು ಆ ದನಿ ಇರುವುದಿಲ್ಲ. ದನಿಯೆಂದರೆ ಊಟ ಎಂಬ ನಂಟು ಮರಿಯ ತಲೆಯಲ್ಲಿ ಕೂತ ಮೇಲೆ, ಅದೇ ದನಿಯಿಂದ ಮರಿಗಳನ್ನು ಗೂಡಿನಿಂದ ಹೊರಗೆ ಕರೆಯುತ್ತವೆ, ಆಮೇಲೆ ಆಹಾರ ಇರುವ ಕಡೆಗೂ ಅಪಾಯದಿಂದ ದೂರಕ್ಕೂ ಕರೆದೊಯ್ಯುತ್ತವೆ. ಹೀಗೆ ಮುಂಚಿತವಾಗಿ ಅಭ್ಯಾಸ ಮಾಡಿಸುವುದನ್ನು ಕಲಿಸುವಿಕೆ ಎನ್ನದೆ ಬೇರೇನು ಎನ್ನಬೇಕು?

ನಮ್ಮ ಊರಿನ ಹರಟೆಮಲ್ಲಗಳೂ ಹೊಲದ ಬದುವಿನಲ್ಲಿ ಗುಂಪು ಕಟ್ಟಿಕೊಂಡೇ ಬದುಕುತ್ತವೆ, ಒಂದು ಗೂಡಿನ ಮರಿಗಳಿಗೆ ಗುಂಪಿನ ಬೇರೆಯವೂ ಗುಟುಕು ತರುತ್ತವೆ. ಅಂಥ ಕುಟುಂಬದ ಮರಿಗೆ ಸ್ವಾತಂತ್ರ್ಯವೆಂದರೆ ಮನೆ ಬಿಡುವುದಲ್ಲ. ಹೊಟ್ಟೆ ತಾನೇ ತುಂಬಿಸಿಕೊಳ್ಳಲು ಕಲಿತ ಮೇಲೂ ಅನೇಕ ಮರಿಗಳು ಅದೇ ಗುಂಪಿನಲ್ಲಿ ಉಳಿದು ಮುಂದಿನ ಮರಿಗಳಿಗೆ ಗುಟುಕು ತರುತ್ತವೆ. ಬೇರೆಯವರ ಮರಿಯನ್ನೂ ಸಾಕುತ್ತವೆ ಎನ್ನಿ: ಮುಂಗಾರಿನ ಜೊತೆ ಬರುವ ಚಾತಕ ಮೊಟ್ಟೆಯಿಡುವುದು ಇವುಗಳ ಗೂಡಿನಲ್ಲಿಯೇ.

ಸಂಶಯಾತ್ಮ, ವಿಜಯಪುರ
ಆ ಪ್ರಯೋಗವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಹರಟೆಮಲ್ಲದ ಬಗ್ಗೆ ಸಿಕ್ಕ ಪುರಾವೆ, ಬುಲ್‌ಬುಲ್‌ನ ಬಗ್ಗೆಯಲ್ಲ. ಒಂದು ಜಾತಿಯಲ್ಲಿ ಸಾಬೀತಾದುದನ್ನು ಅಂಗಳದ ಎಲ್ಲ ಹಕ್ಕಿಗಳ ತಲೆಗೆ ಕಟ್ಟಬಾರದು ಎಂಬುದಷ್ಟೇ ನನ್ನ ವಾದ.

ಹರಟೆಮಲ್ಲ, ಮುಧೋಳ
ಕೋಗಿಲೆಯನ್ನು ಎಲ್ಲದರ ತಲೆಗೆ ಕಟ್ಟುವಾಗ ಈ ನಿಯಮ ಎಲ್ಲಿ ಹೋಗಿತ್ತು?

ಘಟಪ್ರಭೆಯ ದಂಡೆ
ಇಬ್ಬರೂ ಎಳೆಯುತ್ತಿರುವ ಹಗ್ಗದ ಎರಡು ತುದಿಗಳ ನಡುವೆ ಬೇಕಾದಷ್ಟು ಜಾಗವಿದೆ. ನಮ್ಮ ನದಿಯ ದಂಡೆಯ ಟಿಟ್ಟಿಭದ ಮರಿ ಮೊಟ್ಟೆಯೊಡೆದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡುತ್ತದೆ, ತಾನೇ ಹುಳು ಹೆಕ್ಕುತ್ತದೆ; ತಂದೆತಾಯಿಗಳ ಕೆಲಸ ಕಾವಲು, ನೆರಳು, ಎಚ್ಚರಿಕೆಯ ಕೂಗು ಇಷ್ಟೇ. ನಿಕೋಬಾರ್ ದ್ವೀಪಗಳ ಮೆಗಾಪೋಡ್ ಎಂಬ ಹಕ್ಕಿ ಮರಳು ಮತ್ತು ಕೊಳೆತ ಎಲೆಗಳ ಗುಡ್ಡೆಯಲ್ಲಿ ಮೊಟ್ಟೆ ಹೂತುಬಿಡುತ್ತದೆ, ಮರಿ ಆ ಗುಡ್ಡೆಯನ್ನು ತಾನೇ ಕೊರೆದುಕೊಂಡು ಮೇಲೆ ಬಂದು ಯಾರ ಗುಟುಕೂ ಇಲ್ಲದೆ ಬದುಕುತ್ತದೆ. ಅದಕ್ಕೆ ಕಲಿಸುವವರೂ ಇಲ್ಲ, ಕೈಬಿಡುವವರೂ ಇಲ್ಲ. ಬುಲ್‌ಬುಲ್, ಗುಬ್ಬಿ, ಸೂರಕ್ಕಿಗಳು ಇನ್ನೊಂದು ಕಡೆಯವು: ಕಣ್ಣು ಮುಚ್ಚಿದ ಬೆತ್ತಲೆ ಮರಿಗಳು. ಇವುಗಳಲ್ಲಿ ಕುಕ್ಕುವ ಚಾಳಿ ಹುಟ್ಟಿನಿಂದಲೇ ಬರುತ್ತದೆ. ಯಾವುದನ್ನು ಕುಕ್ಕಬೇಕು, ಎಲ್ಲಿ ಕುಕ್ಕಬೇಕು ಎಂಬುದು ದೊಡ್ಡವುಗಳ ಹಿಂದೆ ಓಡಾಡಿ ನೋಡುತ್ತ, ಸೋಲುತ್ತ ಬರುತ್ತದೆ.

ಇಳಕಲ್ ಅಂಚು
ಸೂರಕ್ಕಿಯ ಹೆಸರು ಬಂದದ್ದರಿಂದ ಕೇಳುತ್ತೇನೆ. ನಮ್ಮ ದಾಳಿಂಬೆ ಗಿಡದಲ್ಲಿ ಜೋತಾಡುವ ಚೀಲದಂಥ ಗೂಡು ಕಟ್ಟಿತ್ತು, ಮರಿಗಳು ಹಾರಿದವು. ಆಮೇಲೆ ನೋಡಿದರೆ ಬಣ್ಣದ ಗಂಡೇ ಮರಿಗಳ ಹಿಂದೆ ಓಡಾಡುತ್ತಿತ್ತು. ಹೆಣ್ಣಿಗೆ ಏನಾದರೂ ಆಗಿರಬಹುದೇ?

ನಿವೃತ್ತ ಮಾಸ್ತರ, ಜಮಖಂಡಿ
ಏನೂ ಆಗಿರಲಿಕ್ಕಿಲ್ಲ. ಕಂದುಬೆನ್ನಿನ, ಹಳದಿ ಹೊಟ್ಟೆಯ ನಮ್ಮ ಸಾಮಾನ್ಯ ಸೂರಕ್ಕಿಯಲ್ಲಿ ಮರಿಗಳು ಸುಮಾರು 17 ದಿನಗಳಿಗೆ ಗೂಡು ಬಿಡುತ್ತವೆ, ಆ ಮೇಲೆ ಕೆಲವು ದಿನ ಗಂಡು ಗುಟುಕು ಕೊಡುವುದು ರೂಢಿಯಲ್ಲಿರುವ ಸಂಗತಿ.

ಮಲ್ಲಿಗೆ ಬಳ್ಳಿ, ಟಿಳಕವಾಡಿ
ಪಕ್ಕದ ಮನೆಯವರು ಬೆಕ್ಕನ್ನು ಒಳಗಿಡಲು ಒಪ್ಪಿದ್ದಾರೆ. ಈಗ ಇನ್ನೊಂದು ತಕರಾರು ಎದ್ದಿದೆ. ರೋಹಿಣಿ ಮಳೆಗೆ ಮೊದಲು ಬಳ್ಳಿಯನ್ನು ಕತ್ತರಿಸಬೇಕೆಂದು ನಮ್ಮವರು ಮಾಲಿಯನ್ನು ಕರೆದಿದ್ದಾರೆ. ಗೂಡು ಖಾಲಿಯಾಗಿದೆಯಲ್ಲ, ಕತ್ತರಿಸಿದರೇನು ಎಂಬುದು ಅವರ ವಾದ.

ಹಿಂಡಲಗಾ ಹಿತ್ತಲು
ಗೂಡು ಖಾಲಿ, ಬಳ್ಳಿ ಖಾಲಿಯಲ್ಲ. ರಾತ್ರಿ ಮರಿಗಳು ಕೂರುವುದು ಆ ಎಲೆಗಳ ಮರೆಯಲ್ಲಿಯೇ. ಮಾಲಿಯನ್ನು ಮೂರು ವಾರ ಬಿಟ್ಟು ಬರಹೇಳಿರಿ. ಆ ಹೊತ್ತಿಗೆ ಬೇವಿನ ಹಣ್ಣು ಮಾಗಿರುತ್ತದೆ, ಮರಿಗಳು ಬೇರೆ ಬುಲ್‌ಬುಲ್‌ಗಳ ಜೊತೆ ಸೇರಿಕೊಂಡು ಅಲ್ಲಿರುತ್ತವೆ. ಬಾಲದಡಿಯ ಕೆಂಪು ಇನ್ನೂ ಮಾಸಲಾಗಿರುವುದರಿಂದ ಹೊಸಬರನ್ನು ಗುರುತಿಸಬಹುದು. ಕತ್ತರಿಸುವ ಮೊದಲು ಎರಡನೆಯ ಗೂಡೇನಾದರೂ ಶುರುವಾಗಿದೆಯೇ ಎಂದು ಎಲೆ ಸರಿಸದೆ ನೋಡಿರಿ. ಫೋಟೋಕ್ಕಾಗಿ ಎಲೆ ಸರಿಸಿದರೆ ಕಾಗೆಗೂ ದಾರಿ ಮಾಡಿಕೊಟ್ಟಂತೆ.

ಗೋಕಾಕ ಕರದಂಟು
ನನ್ನ ಸಲಹೆಯನ್ನು ಎಲ್ಲರೂ ಸೇರಿ ತಳ್ಳಿಹಾಕಿದಿರಿ. ಇರಲಿ. ಆದರೆ ತಂದೆತಾಯಿ ಎರಡೂ ಸತ್ತಿದ್ದರೆ ಸಾಕಬಾರದೇ? ನಮ್ಮ ಓಣಿಯಲ್ಲಿ ಒಬ್ಬರು ಗಿಳಿ ಮರಿಯನ್ನು ಹಾಗೆಯೇ ಸಾಕಿದರು, ಈಗ ಪಂಜರದಲ್ಲಿ ಮಾತಾಡುತ್ತದೆ.

ಹರಟೆಮಲ್ಲ, ಮುಧೋಳ
ಅದು ಪಂಜರದಲ್ಲಿ ಮಾತಾಡುತ್ತಿದೆಯೆಂದರೆ ಹೊರಗೆ ಬದುಕುವುದನ್ನು ಕಲಿಯಲಿಲ್ಲವೆಂದೇ ಅರ್ಥ. ಮನುಷ್ಯರ ಕೈಯಿಂದ ತಿಂದು ಬೆಳೆದ ಮರಿ ಬೆಕ್ಕಿಗೂ ಹೆದರುವುದಿಲ್ಲ. ಇದಲ್ಲದೆ ನಮ್ಮ ನಾಡಿನ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಜವಾಗಿಯೂ ಅನಾಥವಾದ, ಇಲ್ಲವೇ ಗಾಯಗೊಂಡ ಮರಿ ಸಿಕ್ಕರೆ ಗಾಳಿಯಾಡುವ ಕತ್ತಲೆಯ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಅನಾಥ ಎಂದು ತೀರ್ಮಾನಿಸುವ ಮೊದಲು ದೂರ ನಿಂತು ಒಂದೆರಡು ತಾಸಾದರೂ ಕಾಯಬೇಕು.

ಸಂಚಾಲಕ
ಗಿಳಿ ಸಾಕುವ ಚರ್ಚೆಗೆ ಬೇರೆ ಎಳೆ ಇದೆ, ಅದನ್ನು ಅಲ್ಲಿ ಮುಂದುವರಿಸಿರಿ. ಇಲ್ಲಿ ಗೂಡು ಬಿಟ್ಟ ಮರಿಗಳ ವಿಷಯ ಮಾತ್ರ ಇರಲಿ.

ನವನಗರ, ಬಾಗಲಕೋಟೆ
ಹಾಗಿದ್ದರೆ ನನ್ನ ಪ್ರಶ್ನೆ ವಿಷಯದ ಒಳಗೇ ಇದೆ. ನಮ್ಮ ಬಾಲ್ಕನಿಯಲ್ಲಿ ಎ.ಸಿ. ಯಂತ್ರದ ಹಿಂದೆ ಪಾರಿವಾಳ ಎರಡು ಮರಿ ಮಾಡಿದೆ. ಜಾಲರಿ ಹಾಕಿಸಬೇಕು, ಆದರೆ ಮರಿಗಳು ಹೋಗುವವರೆಗೆ ಕಾಯುವ ಮನಸ್ಸಿದೆ. ಯಾವಾಗ ಹೋಗುತ್ತವೆ? ಈಗಲೇ ದೊಡ್ಡ ಹಕ್ಕಿಯಷ್ಟು ಕಾಣುತ್ತವೆ, ಆದರೂ ಹೊರಡುವ ಲಕ್ಷಣವೇ ಇಲ್ಲ.

ಘಟಪ್ರಭೆಯ ದಂಡೆ
ಪಾರಿವಾಳದ ಮರಿಗಳು ಸುಮಾರು ಒಂದು ತಿಂಗಳು ಅಲ್ಲಿಯೇ ಇರುತ್ತವೆ. ಮೊದಲ ದಿನಗಳಲ್ಲಿ ಗಂಡು, ಹೆಣ್ಣು ಎರಡೂ ತಮ್ಮ ಗಂಟಲಚೀಲದಲ್ಲಿ ಉಂಟಾಗುವ ಹಾಲಿನಂಥ ಪದಾರ್ಥವನ್ನು ಕಕ್ಕಿ ತಿನ್ನಿಸುತ್ತವೆ, ಆಮೇಲೆ ನೆನೆದ ಕಾಳು. ಕತ್ತಿನ ಸುತ್ತ ಹಳದಿ ಎಳೆಗಳು ಇನ್ನೂ ಅಂಟಿಕೊಂಡಿದ್ದರೆ ಹೊರಡುವ ಕಾಲ ಬಂದಿಲ್ಲ. ಅವು ಪೂರ್ತಿ ಉದುರಿ, ರೆಕ್ಕೆಯಡಿಯಲ್ಲಿ ಬರಿಯ ಚರ್ಮ ಕಾಣದಂತಾಗಿ, ಅಂಚಿನ ಮೇಲೆ ನಿಂತು ರೆಕ್ಕೆ ಬಡಿಯಲು ತೊಡಗಿದವೆಂದರೆ ಬೇಗನೆ ಹೋಗುತ್ತವೆ.

ನವನಗರ, ಬಾಗಲಕೋಟೆ
ಹಳದಿ ಎಳೆಗಳು ಒಂದರ ಮೇಲೆ ಇವೆ, ಇನ್ನೊಂದರ ಮೇಲೆ ಇಲ್ಲ. ಒಂದು ಹೋದ ದಿನವೇ ಜಾಲರಿಯವನಿಗೆ ಫೋನ್ ಮಾಡಲೇ?

ಘಟಪ್ರಭೆಯ ದಂಡೆ
ಎರಡೂ ಹೋದ ಮೇಲೆ ಮಾಡಿರಿ. ಆದರೆ ಆಮೇಲೆ ಒಂದು ದಿನವೂ ತಡ ಮಾಡಬೇಡಿರಿ. ಪಾರಿವಾಳ ಮರಿಗಳು ಹೊರಡುವ ಮೊದಲೇ ಮುಂದಿನ ಮೊಟ್ಟೆ ಇಟ್ಟುಬಿಡುವುದೂ ಉಂಟು, ಆದುದರಿಂದ ಯಂತ್ರದ ಇನ್ನೊಂದು ಬದಿಯಲ್ಲಿ ಕಡ್ಡಿ ಕೂಡಿಸುತ್ತಿದೆಯೇ ಎಂದು ಈಗಲೇ ಒಮ್ಮೆ ಬಗ್ಗಿ ನೋಡಿರಿ.

ನವನಗರ, ಬಾಗಲಕೋಟೆ
ನೋಡಿದೆ. ಕಡ್ಡಿಗಳಿವೆ.